ಮೆಣಸಿನಕಾಯಿ ಎಲೆಚುಕ್ಕೆಗೆ ಸಿಓಸಿ ಪುಡಿ: ಕೊಳ್ಳುವ ಮೊದಲು ಎಲೆ ತಿರುವಿ ನೋಡಿ

ಕಾಪರ್ ಆಕ್ಸಿಕ್ಲೋರೈಡ್ 50% ಪುಡಿ, ಅಂದರೆ ಗಿಡದ ರೋಗಕ್ಕೆ ಹೊಡೆಯುವ ತಾಮ್ರದ ಔಷಧಿ. ಅಂಗಡಿಯಲ್ಲಿ ಸಿಓಸಿ ಅಂದರೆ ಸಾಕು, ಎತ್ತಿ ಕೊಡುತ್ತಾರೆ. ಬೇರೆ ಬೇರೆ ಕಂಪನಿಯವರು ಬೇರೆ ಬೇರೆ ಹೆಸರಲ್ಲಿ ಮಾರುತ್ತಾರೆ, ಒಳಗಿನ ಮಾಲು ಅದೇ. ನಾನು ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಇದನ್ನು ಮಾರುವ ರೀತಿ ನೋಡಿ. ಮೆಣಸಿನಕಾಯಿ ಎಲೆ ಮೇಲೆ ಏನೇ ಕಂಡರೂ ಇದನ್ನೇ ಕೈಗಿಡುತ್ತಾರೆ. ಎರಡು ಮೂರು ತರದ ಚುಕ್ಕೆಗೆ ಇದು ನಿಜಕ್ಕೂ ಒಳ್ಳೆಯ ಪುಡಿ. ಉಳಿದದ್ದಕ್ಕೆ ಹೊಡೆದರೆ ದುಡ್ಡೂ ಹೋಯಿತು, ಗಿಡವೂ ಹೋಯಿತು. ಹಾಗಾಗಿ ಈ ರಿವ್ಯೂನಲ್ಲಿ ಪುಡಿಯ ಬಗ್ಗೆ ಎಷ್ಟು ಬರೆಯುತ್ತೇನೋ ಚುಕ್ಕೆಯ ಬಗ್ಗೆಯೂ ಅಷ್ಟೇ ಬರೆಯುತ್ತೇನೆ. ಯಾವ ಚುಕ್ಕೆ ಅಂತ ತಿಳಿಯದೆ ಪುಡಿ ಕೊಳ್ಳಬೇಡಿ.

ನಮ್ಮ ಮನೆ ಕಲಬುರಗಿಯಲ್ಲಿ, ಸೇಡಂ ರಸ್ತೆ ಕಡೆ. ಹಿತ್ತಲಲ್ಲಿ ಕರಿಮಣ್ಣು, ಮಾಳಿಗೆ ಮೇಲೆ ಕುಂಡ ಮತ್ತು ಗ್ರೋ ಬ್ಯಾಗ್. ಹಸಿಮೆಣಸಿನಕಾಯಿ ಜಾಸ್ತಿ, ಸ್ವಲ್ಪ ಬ್ಯಾಡಗಿ, ಒಂದು ಸಾಲು ದೊಣ್ಣೆ ಮೆಣಸಿನಕಾಯಿ. ರೊಟ್ಟಿ ಜೊತೆ ಹಿಂಡಿಗೆ, ಹಣ್ಣಾದ ಮೇಲೆ ರಂಜಕಕ್ಕೆ, ಎಲ್ಲಾ ಮನೆಯದೇ. ಅದಕ್ಕೇ ಈ ಗಿಡಗಳ ಮೇಲೆ ನನಗೆ ಜೀವ. ಬೇಸಿಗೆಯಲ್ಲಿ ಇಲ್ಲಿ 42 ಡಿಗ್ರಿ ದಾಟಿದಾಗ ಗಿಡ ಸೊರಗುತ್ತದೆ, ಹೂ ಉದುರುತ್ತದೆ, ಆದರೆ ಎಲೆಚುಕ್ಕೆ ಅಷ್ಟಾಗಿ ಕಾಡುವುದಿಲ್ಲ. ಜುಲೈ ದಾಟಿ, ಸೆಪ್ಟೆಂಬರ್‌ನ ಜೋರು ಮಳೆ ಶುರುವಾದ ಮೇಲೆ ಕಾಟ ಹೆಚ್ಚುತ್ತದೆ. ಒಂದು ಗಳಿಗೆ ಮಳೆ, ಒಂದು ಗಳಿಗೆ ಬಿಸಿಲು, ಮತ್ತೆ ಮೋಡ. ಎಲೆ ಒಣಗುವುದೇ ಇಲ್ಲ. 24ರಿಂದ 30 ಡಿಗ್ರಿ ಶಾಖ, ಒದ್ದೆ ಎಲೆ, ಇವೆರಡು ಸಿಕ್ಕರೆ ಚುಕ್ಕೆ ರೋಗಕ್ಕೆ ಇನ್ನೇನೂ ಬೇಡ.

ಮೊದಲು ಎಲೆ ನೋಡೋಣ. ಬೆಳಿಗ್ಗೆ ಹೊತ್ತು, ಎಲೆ ಮೇಲೆ ಇನ್ನೂ ತೇವ ಇರುವಾಗ, ಗಿಡದ ಕೆಳಗಿನ ಒಂದು ಎಲೆಯನ್ನು ತಿರುವಿ ಬೆಳಕಿಗೆ ಹಿಡಿಯಿರಿ. ಬ್ಯಾಕ್ಟೀರಿಯಾದ ಚುಕ್ಕೆ ಶುರುವಾಗುವುದು ಕೆಳಬದಿಯಲ್ಲೇ. ಒಂದೆರಡು ಮಿಲಿಮೀಟರ್ ಅಗಲದ ಕಲೆ, ಭಜಿ ಕಟ್ಟಿದ ಪೇಪರ್ ಎಣ್ಣೆ ಕುಡಿದ ಹಾಗೆ ಆ ಜಾಗ ಮಾತ್ರ ಒದ್ದೆಯಾಗಿ, ಬೆಳಕು ತೂರಿ ಬರುವಂತೆ ಕಾಣುತ್ತದೆ. ಆಮೇಲೆ ಅದು ಕಂದಾಗುತ್ತದೆ, ಕಪ್ಪಾಗುತ್ತದೆ, ಸುತ್ತ ಹಳದಿ ಅಂಚು ಕಟ್ಟುತ್ತದೆ. ಆಕಾರ ಪೂರ್ತಿ ಗುಂಡಗೆ ಇರುವುದಿಲ್ಲ, ಎಲೆಯ ನರಗಳ ನಡುವೆ ಸಿಕ್ಕಿಕೊಂಡು ಮೂಲೆ ಮೂಲೆಯಾಗಿ ಇರುತ್ತದೆ. ಬೆರಳು ಆಡಿಸಿದರೆ ಮೇಲ್ಬದಿ ಸ್ವಲ್ಪ ತಗ್ಗು, ಕೆಳಬದಿ ಸ್ವಲ್ಪ ಉಬ್ಬು. ನಾಲ್ಕೈದು ಚುಕ್ಕೆ ಕೂಡಿಕೊಂಡ ಎಲೆ ಹಳದಿಯಾಗಿ ಉದುರಿಬಿಡುತ್ತದೆ. ಮುಟ್ಟಿದರೆ ಸಾಕು, ಉದುರುತ್ತದೆ. ಈ ಎಲೆ ಉದುರುವುದೇ ದೊಡ್ಡ ನಷ್ಟ, ಯಾಕಂದರೆ ನೆರಳಿಲ್ಲದ ಕಾಯಿಗೆ ನೇರ ಬಿಸಿಲು ತಾಗಿ ಒಂದು ಬದಿ ಬೆಳ್ಳಗೆ ಸುಟ್ಟ ಹಾಗಾಗುತ್ತದೆ, ದೊಣ್ಣೆ ಮೆಣಸಿನಕಾಯಿಯಲ್ಲಂತೂ ಇದು ಎದ್ದು ಕಾಣುತ್ತದೆ. ಕಾಯಿ ಮೇಲೂ ಕಜ್ಜಿಯಂಥ ಒರಟು ಕಲೆ ಬರಬಹುದು. ಇದಕ್ಕೆ ಕಾರಣ ಕ್ಸಾಂಥೊಮೊನಾಸ್ ಅನ್ನುವ ಬ್ಯಾಕ್ಟೀರಿಯಾ. ಬೀಜದಲ್ಲೇ ಬರುತ್ತದೆ, ಮಳೆ ಹನಿಯ ಸಿಡಿತದಲ್ಲಿ ಹರಡುತ್ತದೆ, ಒದ್ದೆ ಗಿಡ ಮುಟ್ಟಿದ ನಮ್ಮ ಕೈಯಿಂದಲೂ ದಾಟುತ್ತದೆ.

ಎರಡನೆಯದು ಸರ್ಕೊಸ್ಪೊರಾ ಚುಕ್ಕೆ. ಇದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಒಂದು ಸಲ ಸರಿಯಾಗಿ ನೋಡಿದರೆ ಮತ್ತೆ ಮರೆಯುವುದಿಲ್ಲ. ಗುಂಡಗಿನ ಚುಕ್ಕೆ, ನಡುವೆ ಬೂದು ಬಿಳಿ, ಸುತ್ತ ಗಾಢ ಕಂದು ಅಂಚು. ಕಪ್ಪೆಗಣ್ಣು ಚುಕ್ಕೆ ಅಂತ ಕರೆಯುವುದು ಇದಕ್ಕೇ. ಹಳೆಯದಾದ ಮೇಲೆ ನಡುವಿನ ಬಿಳಿ ಭಾಗ ಒಣಗಿ ಉದುರಿ ಎಲೆಯಲ್ಲಿ ತೂತು ಬೀಳುತ್ತದೆ. ಆ ತೂತು ನೋಡಿ ಹುಳ ತಿಂದಿದೆ ಅಂತ ಹುಳದ ಎಣ್ಣೆ ತಂದು ಹೊಡೆದವರನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ. ಹುಳ ತಿಂದ ತೂತಿಗೆ ಇಂಥ ಕಂದು ಅಂಚು ಇರುವುದಿಲ್ಲ, ಅಂಚು ಹರಿದ ಹಾಗೆ ಇರುತ್ತದೆ. ಸರ್ಕೊಸ್ಪೊರಾ ಎಲೆ ತೊಟ್ಟಿಗೂ, ಕಾಂಡಕ್ಕೂ, ಕಾಯಿಯ ತೊಟ್ಟಿಗೂ ಬರುತ್ತದೆ, ಕಾಯಿಗೆ ಮಾತ್ರ ಸಾಮಾನ್ಯವಾಗಿ ಬರುವುದಿಲ್ಲ. ಕಾಯಿ ಮೇಲೆ ಕಜ್ಜಿ ಇದ್ದರೆ ಬ್ಯಾಕ್ಟೀರಿಯಾ ಕಡೆ ಅನುಮಾನ ಮಾಡಿ, ತೊಟ್ಟಿನ ಮೇಲೆ ಬಿಳಿ ನಡುವಿನ ಚುಕ್ಕೆ ಇದ್ದರೆ ಸರ್ಕೊಸ್ಪೊರಾ ಕಡೆ.

ಇನ್ನೊಂದು ಆಲ್ಟರ್ನೇರಿಯಾ, ಇದೂ ಶಿಲೀಂಧ್ರವೇ. ಕಂದು ಚುಕ್ಕೆ, ಒಳಗೆ ಒಂದರೊಳಗೊಂದು ಉಂಗುರ. ನಮ್ಮ ಗಿಡದಲ್ಲಿ ಕಡಿಮೆ, ಬಂದರೂ ಹಳೆಯ ಎಲೆಗೆ. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಿಲ್ಲ, ಮೇಲಿನ ಎರಡಕ್ಕೆ ಮಾಡುವ ಆರೈಕೆಯೇ ಇದಕ್ಕೂ ಸಾಕು.

ಈ ಮೂರಕ್ಕೆ ಸಿಓಸಿ ಕೆಲಸಕ್ಕೆ ಬರುತ್ತದೆ. ಬರದೇ ಇರುವುದನ್ನೂ ಹೇಳಿಬಿಡುತ್ತೇನೆ, ಯಾಕಂದರೆ ದುಡ್ಡು ದಂಡ ಆಗುವುದು ಅಲ್ಲೇ.

ಚಳಿಗಾಲದಲ್ಲಿ ಎಲೆಯ ಮೇಲ್ಬದಿ ಅಲ್ಲಲ್ಲಿ ಹಳದಿ ಮಚ್ಚೆ ಕಂಡು, ತಿರುವಿ ನೋಡಿದರೆ ಕೆಳಗೆ ಬಿಳಿ ಹಿಟ್ಟು ಉದುರಿಸಿದಂತೆ ಇದ್ದರೆ ಅದು ಬೂದಿ ರೋಗ. ಎಲೆ ತಿರುವದೆ ಮೇಲಿಂದ ನೋಡಿದವರು ಇದನ್ನೂ ಎಲೆಚುಕ್ಕೆ ಅಂತಲೇ ತಿಳಿಯುತ್ತಾರೆ. ಇದಕ್ಕೆ ಬೇಕಾದದ್ದು ನೀರಲ್ಲಿ ಕಲಸುವ ಗಂಧಕದ ಪುಡಿ, 80% ಅಂತ ಬರುವುದು, ಲೀಟರಿಗೆ 2ರಿಂದ 3 ಗ್ರಾಂ. ಅದನ್ನೂ ಬಿಸಿಲು ಕಡಿಮೆ ಇದ್ದಾಗ ಹೊಡೆಯಬೇಕು, 32 ಡಿಗ್ರಿ ಮೇಲಿದ್ದರೆ ಎಲೆ ಸುಡುತ್ತದೆ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗುವ ತನಕ ಗಂಧಕದ ಹತ್ತಿರ ಹೋಗಬೇಡಿ.

ಎಲೆ ಮುದುಡಿದ್ದರೆ ಅದು ಮುರುಟು. ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಶಿ, ಕೆಳಕ್ಕೆ ಬಾಗಿ ಎಲೆ ಉದ್ದುದ್ದ ಆಗಿದ್ದರೆ ಮೈಟ್ ನುಶಿ, ಹೊಸ ಚಿಗುರು ಗುಂಪುಗೂಡಿ ಸಣ್ಣಗಾಗಿ ಗಿಡವೇ ಗಿಡ್ಡಾಗಿದ್ದರೆ ಬಿಳಿನೊಣ ತಂದ ವೈರಸ್. 2021ರ ಕೊನೆಯಲ್ಲಿ ಕಪ್ಪು ಥ್ರಿಪ್ಸ್ ಬಂದು ನಮ್ಮ ರಾಜ್ಯವೂ ಸೇರಿ ಆಂಧ್ರ, ತೆಲಂಗಾಣದ ಮೆಣಸಿನಕಾಯಿ ಹೊಲಗಳನ್ನು ಹಾಳು ಮಾಡಿದ್ದು ನಿಮಗೂ ನೆನಪಿರಬಹುದು. ಸಿಓಸಿ ಇವುಗಳಲ್ಲಿ ಒಂದಕ್ಕೂ ಏನೂ ಮಾಡುವುದಿಲ್ಲ. ತಾಮ್ರ ಹುಳಕ್ಕೆ ಹೊಡೆಯುವ ಔಷಧಿಯೂ ಅಲ್ಲ, ವೈರಸ್‌ಗೆ ಔಷಧಿಯೇ ಇಲ್ಲ. ಎಲೆಯ ಅಂಚು ಮಾತ್ರ ಒಣಗಿದ್ದರೆ ಬಿಸಿಲೋ, ಗೊಬ್ಬರ ಜಾಸ್ತಿ ಆಗಿದ್ದೋ ಇರಬೇಕು. ಕುಂಡಕ್ಕೆ ದಿನಾ ನೀರು ಸುರಿಯುವವರ ಗಿಡದಲ್ಲಿ ಎಲೆಯ ಕೆಳಗೆ ಸಣ್ಣ ಸಣ್ಣ ಗುಳ್ಳೆ ಎದ್ದು ಬೆಂಡಿನಂತೆ ಒಣಗುತ್ತವೆ, ಅದು ರೋಗವೇ ಅಲ್ಲ, ನೀರು ಕಡಿಮೆ ಮಾಡಿದರೆ ಹೊಸ ಎಲೆ ಚೆನ್ನಾಗಿ ಬರುತ್ತದೆ.

ಈಗ ಕೊಂಡ ಅನುಭವ. ನೆಹರು ಗಂಜ್ ಕಡೆ ಹೋದರೆ ಬೀಜ, ಗೊಬ್ಬರ, ಔಷಧಿ ಅಂಗಡಿಗಳಿಗೆ ಕೊರತೆ ಇಲ್ಲ. ನಾನು ಹೋದ ಅಂಗಡಿಯ ಹೆಸರು ಬೇಡ. ಪಾಲಿಥಿನ್ ಚೀಲದಲ್ಲಿ ಎಲೆ ಒಯ್ದಿದ್ದೆ. ಅವರು ಚೀಲ ಬಿಚ್ಚಲೂ ಇಲ್ಲ. "ಎಲಿ ಮ್ಯಾಗ ಚುಕ್ಕಿ ಬಿದ್ದಾವೇನ್ರಿ ಅಕ್ಕಾರೆ? ಇದು ಒಯ್ರಿ, ಇದರ ಜೋಡಿ ಈ ಪುಡಿ ಒಂದ್ ಚಿಟಿಕಿ ಹಾಕ್ರಿ, ಈ ಟಾನಿಕ್ಕೂ ಹೊಡೀರಿ" ಅಂತ ಮೂರು ಐಟಂ ಮುಂದಿಟ್ಟರು. ಸಿಓಸಿ ಸರಿ. ಚಿಟಿಕೆ ಪುಡಿ ಅಂದರೆ ಸ್ಟ್ರೆಪ್ಟೋಮೈಸಿನ್, ಟೆಟ್ರಾಸೈಕ್ಲಿನ್ ಕೂಡಿದ ಆ್ಯಂಟಿಬಯಾಟಿಕ್. ನಾನು ಬೇಡ ಅಂದೆ, ನೀವೂ ಬೇಡ ಅನ್ನಿ. ಸ್ಟ್ರೆಪ್ಟೋಮೈಸಿನ್ ಮನುಷ್ಯರ ಟಿಬಿಗೆ ಕೊಡುವ ಔಷಧಿ. ಅದನ್ನು ಸಿಕ್ಕ ಸಿಕ್ಕ ಗಿಡಕ್ಕೆ ಹೊಡೆದು ರೋಗಾಣುಗಳಿಗೆ ರೂಢಿ ಮಾಡಿಸಿದರೆ ನಾಳೆ ಆಸ್ಪತ್ರೆಯಲ್ಲಿ ಅದೇ ಔಷಧಿ ನಾಟುವುದಿಲ್ಲ. ಬೆಳೆಗಳಿಗೆ ಇದರ ಬಳಕೆ ನಿಲ್ಲಿಸಬೇಕು ಅಂತ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಕರಡು ಆದೇಶ ಹೊರಡಿಸಿತ್ತು. ನಾಲ್ಕು ಕುಂಡದ ಮೆಣಸಿನಕಾಯಿಗೆ ಅದು ಖಂಡಿತ ಬೇಡ. ಟಾನಿಕ್ ಕೂಡ ಬೇಡ. ಟಾನಿಕ್ ಹೆಸರಲ್ಲಿ ರೋಗ ಬಿದ್ದ ಗಿಡಕ್ಕೆ ಸಾರಜನಕ ಜಾಸ್ತಿ ಕೊಟ್ಟರೆ ಮೆತ್ತನೆಯ ಎಲೆ ದಟ್ಟವಾಗಿ ಬಂದು ಚುಕ್ಕೆಗೆ ಇನ್ನಷ್ಟು ಜಾಗ ಸಿಗುತ್ತದೆ.

ಪ್ಯಾಕೆಟ್ ಬಗ್ಗೆ ನನ್ನ ತಕರಾರು ಎರಡು. ಒಂದು, 500 ಗ್ರಾಮಿನದೇ ಎಲ್ಲ ಕಡೆ ಸಿಗುತ್ತದೆ, ಮನೆ ಮಂದಿಗೆ ಅಷ್ಟು ಯಾಕೆ? ಎರಡು ಲೀಟರ್ ಪಂಪಿಗೆ ಬೇಕಾಗುವುದು 6 ಗ್ರಾಂ. ಸಣ್ಣ ಪ್ಯಾಕೆಟ್ ಕೇಳಿ ಪಡೆಯಿರಿ, ಇಲ್ಲ ಅಂದರೆ ಓಣಿಯ ನಾಲ್ಕು ಮನೆಯವರು ಕೂಡಿ ಒಂದು ತನ್ನಿ. ಕೂಡಿ ತಂದರೂ ಪುಡಿಯನ್ನು ಹಾರ್ಲಿಕ್ಸ್ ಬಾಟಲಿಗೋ ಪ್ಲಾಸ್ಟಿಕ್ ಡಬ್ಬಿಗೋ ಹಂಚಿಕೊಳ್ಳಬೇಡಿ. ಒಬ್ಬರ ಮನೆಯಲ್ಲಿ ಅದರದೇ ಪ್ಯಾಕೆಟ್ಟಿನಲ್ಲಿ ಇರಲಿ, ಹೊಡೆಯುವ ದಿನ ಅಲ್ಲೇ ಎಲ್ಲರಿಗೂ ಕಲಸಿಕೊಂಡು ಒಯ್ಯಿರಿ. ಎರಡನೇ ತಕರಾರು ಒಳಗಿನ ಚೀಟಿ. ಹತ್ತಾರು ಭಾಷೆಯಲ್ಲಿ ಇರುವೆ ಸಾಲಿನಷ್ಟು ಸಣ್ಣ ಅಕ್ಷರ, ಕನ್ನಡ ಹುಡುಕುವುದೇ ಕಷ್ಟ. ಫೋನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ, ಸುಮ್ನೆ ಬಿಸಾಡಬೇಡಿ. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೀಳಬಾರದು ಅನ್ನುವುದು ಅದರಲ್ಲೇ ಇರುತ್ತದೆ. ಪ್ಯಾಕೆಟ್ ಮೇಲಿನ ನೀಲಿ ತ್ರಿಕೋನವನ್ನೂ ನೋಡಿ. ಕೆಂಪು, ಹಳದಿ, ನೀಲಿ, ಹಸಿರು ಅಂತ ವಿಷದ ತೀವ್ರತೆಗೆ ನಾಲ್ಕು ಬಣ್ಣ. ನೀಲಿ ಅಂದರೆ ಮೂರನೇ ಹಂತ. ಕೆಂಪಿನಷ್ಟು ಭಯ ಇಲ್ಲ, ಅರಿಶಿನ ಪುಡಿಯಷ್ಟು ಸಲೀಸೂ ಅಲ್ಲ.

ಕಲಸುವುದು ಹೀಗೆ. ಲೀಟರಿಗೆ 3 ಗ್ರಾಂ. ಚಮಚದ ಲೆಕ್ಕ ಬೇಡ, ಸಣ್ಣ ಡಿಜಿಟಲ್ ತಕ್ಕಡಿ ಇದಕ್ಕೇ ಅಂತ ಬೇರೆ ಇಟ್ಟುಕೊಳ್ಳಿ. ತೆಳು ಹಸಿರು ನೀಲಿ ಬಣ್ಣದ ನಯವಾದ ಪುಡಿ ಇದು, ಪ್ಯಾಕೆಟ್ ಬಿಚ್ಚಿದ ಕೂಡಲೇ ಗಾಳಿಗೆ ಏಳುತ್ತದೆ, ಹಾಗಾಗಿ ಬಿಚ್ಚುವ ಮೊದಲೇ ಮಾಸ್ಕ್, ಕೈಗವಸು ಹಾಕಿಕೊಳ್ಳಿ. ಮೊದಲು ಒಂದಿಷ್ಟು ನೀರಲ್ಲಿ ಗಂಟಿಲ್ಲದಂತೆ ಕಲಸಿ, ಆಮೇಲೆ ಉಳಿದ ನೀರಿಗೆ ಸೇರಿಸಿ, ಹಳೆ ಬಟ್ಟೆಯಲ್ಲಿ ಸೋಸಿ ಪಂಪಿಗೆ ಹಾಕಿ. ಸೋಸದಿದ್ದರೆ ನಾಝಲ್ ಕಟ್ಟಿಕೊಳ್ಳುತ್ತದೆ. ಇದು ನೀರಲ್ಲಿ ಕರಗುವುದಿಲ್ಲ, ತೇಲುತ್ತಿರುತ್ತದೆ, ಸ್ವಲ್ಪ ಹೊತ್ತು ಬಿಟ್ಟರೆ ತಳ ಹಿಡಿಯುತ್ತದೆ. ಹೊಡೆಯುತ್ತಾ ಆಗಾಗ ಪಂಪ್ ಅಲುಗಾಡಿಸುತ್ತಿರಬೇಕು, ಇಲ್ಲದಿದ್ದರೆ ಮೊದಲ ಗಿಡಕ್ಕೆ ಬರೀ ನೀರು, ಕೊನೆಯ ಗಿಡಕ್ಕೆ ಬರೀ ಪುಡಿ.

ಒಂದು ಮಾತು ಒತ್ತಿ ಹೇಳಬೇಕು. ನಮ್ಮ ಕಡೆ ಗಿಡಕ್ಕೆ ಹುಳಿ ಮಜ್ಜಿಗೆ ಹೊಡೆಯುವ ರೂಢಿ ಇದೆ. ಬೇರೆಯಾಗಿ ಹೊಡೆಯುವುದು ನಿಮ್ಮಿಷ್ಟ, ಸಿಓಸಿ ಜೊತೆ ಮಾತ್ರ ಕೂಡಿಸಬೇಡಿ. ಹುಳಿ ಸೇರಿದರೆ ತಾಮ್ರ ಬೇಕಾದ್ದಕ್ಕಿಂತ ಜಾಸ್ತಿ ಕರಗಿ ಎಲೆಯನ್ನೇ ಸುಡುತ್ತದೆ. ನಿಂಬೆರಸ, ವಿನೆಗರ್, ಹುಳಿ ಬಂದ ಜೀವಾಮೃತ ಎಲ್ಲಕ್ಕೂ ಇದೇ ಮಾತು. ನಮ್ಮ ಬೋರ್‌ವೆಲ್ ನೀರು ಗಡಸು, ಬೇರೆ ಕೆಲಸಕ್ಕೆ ಅದರಿಂದ ತೊಂದರೆ ಆದರೂ ಈ ಪುಡಿಗೆ ತೊಂದರೆ ಇಲ್ಲ.

ಹೊಡೆಯುವ ಹೊತ್ತು ಬೆಳಿಗ್ಗೆ ಬೇಗ ಅಥವಾ ಸಂಜೆ, ಗಾಳಿ ಇಲ್ಲದಾಗ. ಮುಂದಿನ ಕೆಲವು ತಾಸು ಮಳೆ ಬರುವ ಹಾಗಿರಬಾರದು, ಎಲೆ ಮೇಲೆ ಅದು ಒಣಗಿ ಕೂರಬೇಕು. ಎಲೆಯ ಮೇಲ್ಬದಿಗಿಂತ ಕೆಳಬದಿ ಮುಖ್ಯ, ನಾಝಲ್ ಮೇಲ್ಮುಖ ಮಾಡಿ ಕೆಳಗಿಂದ ಹೊಡೆಯಿರಿ. ಬಲಿತ ಕಾಯಿ ಎಲ್ಲ ಮೊದಲೇ ಕಿತ್ತುಕೊಂಡುಬಿಡಿ. ಮಾಳಿಗೆ ಮೇಲಿನವರು ನೀರಿನ ಟ್ಯಾಂಕ್ ಮುಚ್ಚಳ ಸರಿ ಇದೆಯಾ ನೋಡಿ, ಒಣಗಿಸಲು ಹಾಕಿದ ಬಟ್ಟೆ, ಹಪ್ಪಳ, ಸಂಡಿಗೆ ಒಳಗೆ ಒಯ್ಯಿರಿ. ಅಂದು ಕಲಸಿದ್ದು ಅಂದೇ ಮುಗಿಸಿ. ಪಂಪ್ ತೊಳೆದ ನೀರನ್ನು ಚರಂಡಿಗೆ ಬಿಡಬೇಡಿ, ತಾಮ್ರ ಮೀನಿಗೆ ವಿಷ. ಮಳೆ ಮುಂದುವರಿದರೆ 10ರಿಂದ 15 ದಿನಕ್ಕೆ ಇನ್ನೊಂದು ಸಲ. ಮಳೆ ನಿಂತು ಹವೆ ಒಣಗಿದರೆ ನಿಲ್ಲಿಸಿಬಿಡಿ. ತಾಮ್ರ ಮಣ್ಣಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಕೂಡುತ್ತಾ ಹೋಗುತ್ತದೆ. ಕುಂಡದ ಸ್ವಲ್ಪ ಮಣ್ಣಿಗೆ ಇದು ಇನ್ನೂ ಮುಖ್ಯ.

ಫಲಿತಾಂಶ ಏನಾಯಿತು ಅಂತ ಕೇಳುತ್ತೀರಿ, ಅಲ್ವಾ? ಚುಕ್ಕೆ ಬಿದ್ದ ಎಲೆ ಹಾಗೇ ಇರುತ್ತದೆ. ಇದು ತಿಳಿಯದೆ ಎಷ್ಟೋ ಮಂದಿ ಪುಡಿ ಕೆಲಸ ಮಾಡಲಿಲ್ಲ ಅಂತ ಒಂದು ಸ್ಟಾರ್ ಕೊಟ್ಟು ಹೋಗುತ್ತಾರೆ. ತಾಮ್ರ ಎಲೆಯ ಒಳಗೆ ಇಳಿಯುವುದಿಲ್ಲ, ಮೇಲೆ ಪದರವಾಗಿ ಕೂತು ಹೊಸದಾಗಿ ಬರುವ ರೋಗಾಣುವನ್ನು ತಡೆಯುತ್ತದೆ. ಹಾಗಾಗಿ ನೋಡಬೇಕಾದದ್ದು ಹೊಡೆದ ಮೇಲೆ ಬಂದ ಹೊಸ ಎಲೆ. ನಮ್ಮ ಮಾಳಿಗೆಯ ಹಸಿಮೆಣಸಿನಕಾಯಿ ಗಿಡಗಳಲ್ಲಿ ಕಪ್ಪೆಗಣ್ಣು ಚುಕ್ಕೆ ಇತ್ತು. ಕೆಳಗಿನ ಚುಕ್ಕೆ ಎಲೆ ತೆಗೆದು, ಎರಡು ಸಲ ಹೊಡೆದ ಮೇಲೆ ಬಂದ ಚಿಗುರು ಸ್ವಚ್ಛ ಇತ್ತು. ಚೌತಿ ಹೊತ್ತಿಗೆ ಗಿಡ ತುಂಬ ಹೂವು. ಹಿತ್ತಲಿನ ದೊಣ್ಣೆ ಮೆಣಸಿನಕಾಯಿಯಲ್ಲಿ ಅಷ್ಟು ಒಳ್ಳೆಯ ಫಲ ಸಿಗಲಿಲ್ಲ. ಅಲ್ಲಿದ್ದದ್ದು ಬ್ಯಾಕ್ಟೀರಿಯಾದ ಚುಕ್ಕೆ. ಹರಡುವುದು ನಿಧಾನ ಆಯಿತು, ಪೂರ್ತಿ ನಿಲ್ಲಲಿಲ್ಲ. ಈ ಬ್ಯಾಕ್ಟೀರಿಯಾದಲ್ಲಿ ತಾಮ್ರಕ್ಕೆ ಜಗ್ಗದ ತಳಿಗಳು ಲೋಕದ ಎಷ್ಟೋ ಕಡೆ ಹುಟ್ಟಿಕೊಂಡಿವೆ. ಅಂಥ ಕಡೆ ಸಿಓಸಿ ಜೊತೆ ಮ್ಯಾಂಕೋಜೆಬ್ ಅನ್ನುವ ಶಿಲೀಂಧ್ರನಾಶಕ ಪುಡಿ ಕೂಡಿಸಿ ಹೊಡೆದರೆ ತಾಮ್ರ ಒಂದೇ ಹೊಡೆಯುವುದಕ್ಕಿಂತ ಚೆನ್ನಾಗಿ ಹಿಡಿಯುತ್ತದೆ. ಬರೀ ಸರ್ಕೊಸ್ಪೊರಾ ಇದ್ದರೆ ಮ್ಯಾಂಕೋಜೆಬ್ 75% ಒಂದೇ ಸಾಕು, ಲೀಟರಿಗೆ 2ರಿಂದ 2.5 ಗ್ರಾಂ. ಬರೀ ಬ್ಯಾಕ್ಟೀರಿಯಾ ಇದ್ದರೆ ಮ್ಯಾಂಕೋಜೆಬ್ ಒಂದರಿಂದ ಏನೂ ಆಗದು. ಎಲೆ ತಿರುವಿ ನೋಡಿ ಅಂತ ಇಷ್ಟು ಹೇಳುತ್ತಿರುವುದು ಇದಕ್ಕೇ.

ಬೇವಿನ ಎಣ್ಣೆ ಸಾಕಲ್ವಾ ಅಂತ ಕೇಳುವವರು ಬಹಳ. ಬೇವಿನ ಎಣ್ಣೆ ನುಶಿ, ಹೇನು, ಬಿಳಿನೊಣಕ್ಕೆ ಒಳ್ಳೆಯದು, ಬೂದಿ ರೋಗ ಶುರುವಿನಲ್ಲಿದ್ದರೆ ಅದಕ್ಕೂ ಪರವಾಗಿಲ್ಲ. ಬ್ಯಾಕ್ಟೀರಿಯಾದ ಚುಕ್ಕೆಗೆ ಅದನ್ನು ನಂಬಿ ಕೂರಬೇಡಿ.

ಮನೆಯಲ್ಲೇ ಮಾಡುವ ಬೋರ್ಡೋ ದ್ರಾವಣ ಇದರ ಹಿರಿಯಣ್ಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಿಂದ ಬಂದದ್ದು. ಅರ್ಧ ಲೀಟರ್ ನೀರಲ್ಲಿ 10 ಗ್ರಾಂ ಮೈಲುತುತ್ತ, ಇನ್ನರ್ಧ ಲೀಟರಲ್ಲಿ 10 ಗ್ರಾಂ ಸುಣ್ಣ, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು, ಪ್ಲಾಸ್ಟಿಕ್ ಬಕೆಟ್ ಅಥವಾ ಮಣ್ಣಿನ ಪಾತ್ರೆಯಲ್ಲಿ. ಆಮೇಲೆ ಹೊಳಪಿನ ಕಬ್ಬಿಣದ ಚಾಕು ಅದ್ದಿ ನೋಡಿ. ಚಾಕುವಿನ ಮೇಲೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಕಡಿಮೆ ಆಗಿದೆ ಅಂತ ಅರ್ಥ, ಹತ್ತದಿರುವ ತನಕ ಸುಣ್ಣ ಹಾಕಬೇಕು. ಅಗ್ಗ, ಮಳೆಗೂ ಬೇಗ ತೊಳೆದು ಹೋಗುವುದಿಲ್ಲ. ಆದರೆ ಮೆಣಸಿನಕಾಯಿಯ ಎಳೆ ಎಲೆಗೆ ಸ್ವಲ್ಪ ಖಡಕ್, ಸುಣ್ಣ ಹಳೆಯದಾಗಿ ಸತ್ವ ಹೋಗಿದ್ದರೆ ಎಲೆ ಸುಡುತ್ತದೆ. ನಾಲ್ಕು ಗಿಡಕ್ಕೆ ಇಷ್ಟು ಉಸಾಬರಿ ಯಾಕೆ ಅಂತಲೇ ನನಗೆ ಸಿಓಸಿ ಹಿಡಿಸಿದ್ದು.

ಯಾವ ಪುಡಿ ತಂದರೂ ಅರ್ಧಕ್ಕಿಂತ ಜಾಸ್ತಿ ಕೆಲಸ ಮಾಡುವುದು ನಮ್ಮ ಕೈ. ಪೈಪ್ ಹಿಡಿದು ಗಿಡದ ತಲೆ ಮೇಲೆ ನೀರು ಹೊಡೆಯುವುದನ್ನು ಮೊದಲು ನಿಲ್ಲಿಸಿ, ಬುಡಕ್ಕೆ ಬಿಡಿ, ಬೆಳಿಗ್ಗೆ ಬಿಡಿ. ಹಿತ್ತಲಿನ ಗಿಡಕ್ಕೆ ಜಾಸ್ತಿ ಚುಕ್ಕೆ ಬಂದು ಮಾಳಿಗೆಯದಕ್ಕೆ ಕಡಿಮೆ ಬರಲು ಕಾರಣವೂ ಕಣ್ಣಿಗೆ ಕಂಡದ್ದೇ. ಹಿತ್ತಲಲ್ಲಿ ಗಿಡ ಒತ್ತೊತ್ತಾಗಿತ್ತು, ಮಳೆ ಹನಿ ಕರಿಮಣ್ಣಿಗೆ ಬಿದ್ದು ಕೆಸರು ಸಿಡಿದು ಕೆಳಗಿನ ಎಲೆಗಳ ಹೊಟ್ಟೆಗೆಲ್ಲಾ ಮೆತ್ತಿಕೊಂಡಿತ್ತು. ನಮ್ಮ ಕಡೆ ತೊಗರಿ ಹೊಟ್ಟಿಗೆ ಏನು ಕಡಿಮೆ? ಬುಡದ ಸುತ್ತ ಅದನ್ನು ಹರಡಿದರೆ ಸಿಡಿತ ನಿಲ್ಲುತ್ತದೆ. ತೊಗರಿ ಕಟ್ಟಿಗೆ ಊರಿ ಗಿಡ ಎತ್ತಿ ಕಟ್ಟಿದರೆ ಗಾಳಿ ಆಡುತ್ತದೆ. ನೆಲಕ್ಕೆ ತಾಗುವ ಕೆಳಗಿನ ಎಲೆಗಳನ್ನು ತೆಗೆದುಬಿಡಿ. ಚುಕ್ಕೆ ಎಲೆ ಕೀಳುವುದು ಗಿಡ ಒಣಗಿದ್ದಾಗ ಮಾತ್ರ, ಒದ್ದೆ ಗಿಡಕ್ಕೆ ಕೈ ಹಾಕಿದರೆ ನಾವೇ ರೋಗ ಹಂಚಿದ ಹಾಗೆ. ಕಿತ್ತ ಎಲೆ ಗೊಬ್ಬರದ ಗುಂಡಿಗೆ ಬೇಡ. ಸರ್ಕೊಸ್ಪೊರಾ ಒಣ ಎಲೆಯಲ್ಲಿ ಮುಂದಿನ ಹಂಗಾಮಿನ ತನಕ ಬದುಕಿರುತ್ತದೆ. ಈ ವರ್ಷ ಮೆಣಸಿನಕಾಯಿ ಇದ್ದ ಮಡಿಗೆ ಮುಂದಿನ ವರ್ಷ ಟೊಮ್ಯಾಟೊ, ಬದನೆ ಹಾಕಬೇಡಿ, ಮೂರೂ ಒಂದೇ ಕುಟುಂಬ. ಮೆಂತ್ಯೆ, ಪುಂಡಿ, ಚವಳಿ ಹಾಕಿ.

ಬೀಜದ್ದೂ ಒಂದು ಮಾತು. ಚುಕ್ಕೆ ಬಂದ ಗಿಡದ ಕಾಯಿ ಎಷ್ಟೇ ಕೆಂಪಗೆ ಚೆಂದ ಇದ್ದರೂ ಅದರಿಂದ ಬೀಜ ಮಾಡಬೇಡಿ. ಬೀಜವನ್ನು 51–52 ಡಿಗ್ರಿ ಬಿಸಿನೀರಲ್ಲಿ 30 ನಿಮಿಷ ಇಡುವ ಪದ್ಧತಿ ಇದೆ, ಬ್ಯಾಕ್ಟೀರಿಯಾ ಸಾಯುತ್ತದೆ. ಥರ್ಮಾಮೀಟರ್ ಇಲ್ಲದೆ ಅಂದಾಜಿನಲ್ಲಿ ಮಾಡಿದರೆ ಬೀಜವೇ ಸಾಯುತ್ತದೆ. ಸಸಿ ಕೊಳ್ಳುವವರು ನರ್ಸರಿಯಲ್ಲೇ ಎಲೆ ತಿರುವಿ ನೋಡಿ, ಒಂದು ಚುಕ್ಕೆ ಕಂಡರೂ ಆ ಟ್ರೇ ಬಿಟ್ಟುಬಿಡಿ.

ನೋಡಿದರೂ ಗೊತ್ತಾಗದಿದ್ದರೆ ಕೇಳುವ ಜಾಗ ನಮ್ಮಲ್ಲೇ ಇದೆ. ಆಳಂದ ರಸ್ತೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಎಲೆ ಒಯ್ಯುವಾಗ ನಾನು ಅಂಗಡಿಗೆ ಒಯ್ದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ, ಬೆವರಿ ಕೊಳೆತು ಏನೂ ಕಾಣದ ಹಾಗಾಗುತ್ತದೆ. ಪೇಪರಲ್ಲಿ ಮಡಚಿ, ಹೊಸ ಚುಕ್ಕೆಯದೊಂದು ಹಳೆ ಚುಕ್ಕೆಯದೊಂದು ಎಲೆ, ಜೊತೆಗೆ ಒಂದು ಕಾಯಿ ಒಯ್ಯಿರಿ. ಹೋಗಲು ಆಗದವರು ಕಿಸಾನ್ ಕಾಲ್ ಸೆಂಟರ್‌ಗೆ ಫೋನ್ ಮಾಡಿ, 1800-180-1551, ದುಡ್ಡು ಕತ್ತರಿಸುವುದಿಲ್ಲ, ಬೆಳಿಗ್ಗೆ 6ರಿಂದ ರಾತ್ರಿ 10ರ ತನಕ, ಕನ್ನಡದಲ್ಲೇ ಮಾತಾಡಬಹುದು. ಅಂಗಡಿಯವರಿಗಿಂತ ಇವರ ಮಾತಿಗೆ ಬೆಲೆ ಕೊಡಿ, ಇವರಿಗೆ ಯಾವ ಪುಡಿಯನ್ನೂ ಮಾರಬೇಕಿಲ್ಲ.

ಯಾರು ಕೊಳ್ಳಬೇಕು? ಮಳೆಗಾಲದಲ್ಲಿ ಕೆಳಗಿನ ಎಲೆಗಳಲ್ಲಿ ಚುಕ್ಕೆ ಈಗಷ್ಟೇ ಶುರುವಾಗಿದೆ, ಬ್ಯಾಕ್ಟೀರಿಯಾ ಅಥವಾ ಕಪ್ಪೆಗಣ್ಣು ಅಂತ ಗುರುತು ಹಿಡಿದಿದ್ದೀರಿ ಅಂದರೆ ಕಣ್ಣು ಮುಚ್ಚಿ ಕೊಳ್ಳಿ. ಮುಕ್ಕಾಲು ಎಲೆ ಉದುರಿದ ಗಿಡಕ್ಕೆ ಬೇಡ, ಅದನ್ನು ಬುಡಸಹಿತ ಕಿತ್ತು ಪಕ್ಕದ ಗಿಡ ಉಳಿಸಿಕೊಳ್ಳಿ. ಬೂದಿ, ಮುರುಟು ಇದ್ದವರಿಗೆ ಬೇಡ. 500 ಗ್ರಾಂ ನಾನು ತಂದಾಗ ನಾಲ್ಕುನೂರು ರೂಪಾಯಿ ಒಳಗೆ ಬಂತು, ಕಂಪನಿ ಮೇಲೆ ಹೆಚ್ಚು ಕಡಿಮೆ ಇರುತ್ತದೆ. ಲೈಸೆನ್ಸ್ ಇರುವ ಅಂಗಡಿಯಲ್ಲೇ ತಗೊಳ್ಳಿ, ಬಿಲ್ ಕೇಳಿ ಪಡೆಯಿರಿ, ಅವಧಿ ಮುಗಿಯುವ ದಿನಾಂಕ ಓದಿ. ಪ್ಯಾಕೆಟ್ ಹಿಸುಕಿ ನೋಡಿ, ಒಳಗೆ ಪುಡಿ ಗಟ್ಟಿಯಾಗಿ ಉಂಡೆ ಕಟ್ಟಿದ್ದರೆ ತೇವ ಹಿಡಿದ ಮಾಲು, ಅಲ್ಲೇ ವಾಪಸ್ ಕೊಟ್ಟು ಬೇರೆ ತಗೊಳ್ಳಿ.